ಏನು ನೋಡಬೇಕು ಅಂತ ಮೊದಲು ಕೇಳಿದ ಎಡ್ವಿನ್ ಲ್ಯಾಂಡ್

ನಮ್ಮ ಕಾಲೇಜ್ ಫೆಸ್ಟ್‌ನಲ್ಲಿ ಪ್ರತಿ ವರ್ಷ ಒಂದು ಫೋಟೋ ಸ್ಟಾಲ್ ಇರುತ್ತೆ. ಕ್ಲಿಕ್ ಮಾಡಿದ ತಕ್ಷಣ ಬಿಳಿ ಅಂಚಿನ ಚಿಕ್ಕ ಫೋಟೋ ಹೊರಗೆ ಬರುತ್ತೆ. ಅದನ್ನು ಕೈಯಲ್ಲಿ ಹಿಡಿದು ಬೀಸ್ತಾ ನಿಂತರೆ ನಿಧಾನಕ್ಕೆ ನಮ್ಮ ಮುಖಗಳು ಮೂಡುತ್ತವೆ. ಆಮೇಲೆ ಅದು ಹಾಸ್ಟೆಲ್ ಗೋಡೆ ಸೇರುತ್ತೆ. ಇಂಥ ಕ್ಯಾಮೆರಾಗೆ ಯಾವ ಕಂಪನಿ ಮಾಡಿದ್ದರೂ ನಾವು ಪೋಲರಾಯ್ಡ್ ಅಂತಲೇ ಕರೀತೀವಿ. ಅದನ್ನು ಕಂಡುಹಿಡಿದ ಎಡ್ವಿನ್ ಲ್ಯಾಂಡ್ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಮಗೂ ಕಳೆದ ಸೆಮ್‌ವರೆಗೆ ಗೊತ್ತಿರಲಿಲ್ಲ.

ಗೊತ್ತಾಗಿದ್ದು ನಮ್ಮ ಮಿನಿ ಪ್ರಾಜೆಕ್ಟ್ ಕೆಟ್ಟುಹೋದಾಗ. ನಾವು ನಾಲ್ಕು ಜನ ಸೇರಿ ಊರಂಚಿನ ಒಂದು ಕೆರೆಯನ್ನು ಡ್ರೋನ್‌ನಿಂದ ಫೋಟೋ ತೆಗೆದು, ಅಂತರಗಂಗೆ ಕಳೆ ಎಷ್ಟು ಜಾಗ ನುಂಗಿದೆ ಅಂತ ಅಳೆಯೋಣ ಅಂದ್ಕೊಂಡ್ವಿ. ಬಜೆಟ್ಟಿಗೆ ಸಿಕ್ಕ ಕ್ಯಾಮೆರಾಗಳಲ್ಲಿ ಯಾವುದಕ್ಕೆ ಮೆಗಾಪಿಕ್ಸೆಲ್ ಜಾಸ್ತಿ ಇತ್ತೋ ಅದನ್ನೇ ಬಾಡಿಗೆಗೆ ತಂದ್ವಿ. ಅನುಮತಿ ತಗೊಂಡು ಹಾರಿಸಿಯೂ ಆಯ್ತು. ಫೋಟೋ ಬಂದಾಗ ನೋಡಿದರೆ ಅರ್ಧ ಕೆರೆ ಸೂರ್ಯನ ಪ್ರತಿಫಲನದಿಂದ ಬೆಳ್ಳಗೆ ಹೊಳೀತಿದೆ. ಉಳಿದ ಅರ್ಧದಲ್ಲಿ ಪಾಚಿಗಟ್ಟಿದ ನೀರೂ ಹಸಿರು, ಕಳೆಯೂ ಹಸಿರು, ದಡದ ಹುಲ್ಲೂ ಹಸಿರು. ಝೂಮ್ ಮಾಡಿದರೆ ಇನ್ನೂ ಸ್ಪಷ್ಟವಾದ ಹಸಿರು, ಅಷ್ಟೇ. ನಮ್ಮ ಗೈಡ್ ಬೈಯಲಿಲ್ಲ. ಈ ಫೋಟೋದಿಂದ ನಿಮಗೆ ಏನು ತಿಳಿಯಬೇಕಾಗಿತ್ತು ಅಂತ ಮಾತ್ರ ಕೇಳಿದರು. ಕ್ಯಾಮೆರಾ ತರೋ ಮೊದಲು ಆ ಪ್ರಶ್ನೆಯನ್ನು ನಾವು ನಾಲ್ಕು ಜನರಲ್ಲಿ ಒಬ್ಬರೂ ಕೇಳಿಕೊಂಡಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಓದಿದಾಗ ಲ್ಯಾಂಡ್ ಸಿಕ್ಕರು. ಅವರ ಜೀವನ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ ಅಂತ ನಮಗೆ ಅನ್ನಿಸಿತು. ಅದಕ್ಕೇ ಈ ಲೇಖನ.

ಹೊಳಪಿನ ಹಿಂದೆ ಬಿದ್ದ ಹುಡುಗ

ಎಡ್ವಿನ್ ಹರ್ಬರ್ಟ್ ಲ್ಯಾಂಡ್ ಹುಟ್ಟಿದ್ದು 1909ರ ಮೇ 7ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಊರಲ್ಲಿ. ಚಿಕ್ಕಂದಿನಿಂದ ಬೆಳಕಿನ ಹುಚ್ಚು. ಬೇಸಿಗೆ ಶಿಬಿರವೊಂದರಲ್ಲಿ ಒಂದು ಸ್ಫಟಿಕದ ತುಂಡನ್ನು ಕಣ್ಣಿಗೆ ಹಿಡಿದಾಗ ಮೇಜಿನ ಮೇಲಿನ ಹೊಳಪು ಮಾಯವಾಗೋದನ್ನು ನೋಡಿದರಂತೆ. ಅವತ್ತಿನಿಂದ ಆ ಹುಡುಗ ಪೋಲರೈಸೇಶನ್ ಬಿಟ್ಟು ಬೇರೆ ಯೋಚನೆ ಮಾಡಲಿಲ್ಲ.

ಪೋಲರೈಸೇಶನ್ ಅಂದ್ರೆ ನಾವೆಲ್ಲ ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಬಾಯಿಪಾಠ ಮಾಡಿದ್ದೇ. ಬೆಳಕಿನ ಅಲೆಗಳು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತವೆ. ಆದರೆ ನೀರಿನ ಮೇಲೋ ಟಾರ್ ರಸ್ತೆ ಮೇಲೋ ಓರೆಯಾಗಿ ಬಿದ್ದು ಪ್ರತಿಫಲಿಸಿದ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತೆ. ಆ ಅಡ್ಡ ಕಂಪನವನ್ನು ಮಾತ್ರ ತಡೆಯೋ ಫಿಲ್ಟರ್ ಇದ್ದರೆ ಹೊಳಪು ಹೋಗಿ ಕೆಳಗಿರೋದು ಕಾಣುತ್ತೆ. ಆ ಕಾಲಕ್ಕೆ ಅಂಥ ಫಿಲ್ಟರ್ ಬೇಕಾದರೆ ದುಬಾರಿ ಸ್ಫಟಿಕಗಳೇ ಗತಿ, ಅವೂ ಬೆರಳಿನ ಗಾತ್ರದವು.

ಲ್ಯಾಂಡ್ ಹಾರ್ವರ್ಡ್ ಸೇರಿದರು, ಕೆಲವೇ ತಿಂಗಳಲ್ಲಿ ಬಿಟ್ಟು ನ್ಯೂಯಾರ್ಕ್‌ಗೆ ಹೋದರು. ಹಗಲಲ್ಲಿ ಪಬ್ಲಿಕ್ ಲೈಬ್ರರಿಯಲ್ಲಿ ಓದು. ರಾತ್ರಿ ಕೊಲಂಬಿಯಾ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಯಾರಿಗೂ ಹೇಳದೆ ನುಗ್ಗಿ ಪ್ರಯೋಗ. ಇಲ್ಲಿ ಒಂದು ಮಾತು. ಡ್ರಾಪ್‌ಔಟ್ ಕಥೆಗಳನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಆದರೆ ಲ್ಯಾಂಡ್ ಕಾಲೇಜ್ ಬಿಟ್ಟಿದ್ದು ಓದು ಬೇಡ ಅಂತಲ್ಲ. ಕಾಲೇಜಿಗಿಂತ ಜಾಸ್ತಿ ಓದೋಕೆ ಬಿಟ್ಟರು. ಈ ವ್ಯತ್ಯಾಸ ನಮ್ಮ ಬ್ಯಾಚ್‌ನ ಕೆಲವರು ಗಮನಿಸಬೇಕು (ನಮ್ಮನ್ನೂ ಸೇರಿಸಿ).

ಅಲ್ಲಿವರೆಗೆ ಎಲ್ಲರೂ ಒಂದು ದೊಡ್ಡ ಸ್ಫಟಿಕ ಬೆಳೆಸೋದು ಹೇಗೆ ಅಂತ ಒದ್ದಾಡ್ತಿದ್ದರು. ಲ್ಯಾಂಡ್ ಉಲ್ಟಾ ಯೋಚಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಾಂತರ ಸ್ಫಟಿಕಗಳನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದರೆ ಇಡೀ ಹಾಳೆಯೇ ಒಂದು ದೊಡ್ಡ ಸ್ಫಟಿಕದ ಹಾಗೆ ಕೆಲಸ ಮಾಡುತ್ತೆ ಅನ್ನೋದು ಅವರ ಐಡಿಯಾ. 1929ರಲ್ಲಿ ಪೇಟೆಂಟ್ ಅರ್ಜಿ ಹಾಕಿದಾಗ ಅವರಿಗೆ ಹತ್ತೊಂಬತ್ತು ವರ್ಷ, ನಮ್ಮದೇ ವಯಸ್ಸು. 1937ರಲ್ಲಿ ಪೋಲರಾಯ್ಡ್ ಕಂಪನಿ ಶುರುವಾಯಿತು. 1938ರಲ್ಲಿ ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್‌ಗೆ ಅಯೋಡಿನ್ ಸೇರಿಸಿ ಇನ್ನೂ ಒಳ್ಳೆಯ ಹಾಳೆ ಮಾಡಿದರು. ಪರೀಕ್ಷೆಗೆ ತಗೊಂಡು ಹೋಗೋ ಕ್ಯಾಲ್ಕುಲೇಟರ್‌ನ ಎಲ್‌ಸಿಡಿ ಪರದೆಯಲ್ಲಿ ಇರೋದು ಅದೇ ವಂಶದ ಹಾಳೆ.

ಅವರ ಮೊದಲ ಆಸೆ ಏನಿತ್ತು ಗೊತ್ತಾ? ರಾತ್ರಿ ಎದುರಿಂದ ಬರೋ ಕಾರಿನ ಹೆಡ್‌ಲೈಟ್ ಕಣ್ಣು ಕುಕ್ಕದ ಹಾಗೆ ಮಾಡಿ ಅಪಘಾತ ಕಡಿಮೆ ಮಾಡೋದು. ವರ್ಷಗಟ್ಟಲೆ ಪ್ರಯತ್ನಪಟ್ಟರೂ ಕಾರು ಕಂಪನಿಗಳು ಅದನ್ನು ತಗೊಳ್ಳಲೇ ಇಲ್ಲ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಡ್ರೈವರ್ ಪಕ್ಕ ಕೂತು ನೋಡಿ, ಆ ಸಮಸ್ಯೆ ಇವತ್ತಿಗೂ ಹಂಗೇ ಇದೆ.

ಮಗಳ ಪ್ರಶ್ನೆ

1943ರಲ್ಲಿ ಕುಟುಂಬದ ಜೊತೆ ಸಾಂಟಾ ಫೆಗೆ ರಜೆಗೆ ಹೋಗಿದ್ದಾಗ ಲ್ಯಾಂಡ್ ಮಗಳ ಫೋಟೋ ತೆಗೆದರು. ಮೂರು ವರ್ಷದ ಜೆನಿಫರ್, ಫೋಟೋ ಈಗಲೇ ಯಾಕೆ ನೋಡೋಕಾಗಲ್ಲ ಅಂತ ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗ್ತಿದ್ದರು. ಲ್ಯಾಂಡ್ ಊರು ಸುತ್ತಲು ಹೋದವರು ವಾಪಸ್ ಬರೋ ಹೊತ್ತಿಗೆ ತಲೆಯಲ್ಲೇ ಕ್ಯಾಮೆರಾ, ಫಿಲ್ಮ್, ಕೆಮಿಸ್ಟ್ರಿ ಮೂರರ ರೂಪುರೇಷೆ ಹಾಕಿಕೊಂಡಿದ್ದರಂತೆ. ಅದನ್ನು ನಿಜ ಮಾಡೋಕೆ ನಾಲ್ಕು ವರ್ಷ ಹಿಡೀತು. 1947ರ ಫೆಬ್ರವರಿಯಲ್ಲಿ ಅಮೆರಿಕದ ಆಪ್ಟಿಕಲ್ ಸೊಸೈಟಿ ಸಭೆಯಲ್ಲಿ ತಮ್ಮದೇ ಫೋಟೋ ತೆಗೆದು, ಒಂದು ನಿಮಿಷದಲ್ಲಿ ಹಾಳೆ ಸುಲಿದು ತೋರಿಸಿದರು. 1948ರ ನವೆಂಬರ್‌ನಲ್ಲಿ ಬಾಸ್ಟನ್‌ನ ಅಂಗಡಿಗೆ ಬಂದ ಮೊದಲ ಕ್ಯಾಮೆರಾಗಳು ಬಂದ ದಿನವೇ ಖಾಲಿ.

ಎಲ್ಲರಿಗೂ ಗೊತ್ತಿರೋ ಲ್ಯಾಂಡ್ ಇಲ್ಲಿಗೆ ಮುಗಿದರು. ಇನ್ನೊಬ್ಬ ಲ್ಯಾಂಡ್ ಇದ್ದರು. ಅವರ ಬಗ್ಗೆ ಅವರ ಕಂಪನಿಯ ಜನರಿಗೂ ಹೆಚ್ಚು ಗೊತ್ತಿರಲಿಲ್ಲ.

ಒಂದು ಟ್ಯಾಕ್ಸಿಯಷ್ಟು ಜನ

ಎರಡನೇ ಮಹಾಯುದ್ಧದ ಸಮಯದಲ್ಲೇ ಲ್ಯಾಂಡ್ ಕಂಪನಿ ವಿಮಾನದಿಂದ ತೆಗೆದ ಫೋಟೋಗಳನ್ನು ಮೂರು ಆಯಾಮದಲ್ಲಿ ನೋಡೋ ವೆಕ್ಟೋಗ್ರಾಫ್ ಅನ್ನೋ ಪದ್ಧತಿ ಮಾಡಿಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಶೀತಲ ಸಮರ ಶುರುವಾಯಿತು. ಇಬ್ಬರ ಹತ್ತಿರವೂ ಅಣುಬಾಂಬ್, ಆಮೇಲೆ ಹೈಡ್ರೋಜನ್ ಬಾಂಬ್. ಆದರೆ ಸೋವಿಯತ್ ಒಳಗೆ ಎಷ್ಟು ಬಾಂಬರ್ ವಿಮಾನಗಳಿವೆ, ಎಲ್ಲಿವೆ ಅಂತ ಅಮೆರಿಕಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಏನಾಗುತ್ತೆ? ಜಾಸ್ತಿ ಇರಬಹುದು ಅಂತ ಹೆದರಿ ನಾವೂ ಜಾಸ್ತಿ ಮಾಡ್ತೀವಿ. ಅದನ್ನು ನೋಡಿ ಅವರು ಇನ್ನೂ ಜಾಸ್ತಿ ಮಾಡ್ತಾರೆ. ಇದು ನಿಲ್ಲಬೇಕಾದರೆ ಯಾರಾದರೂ ಎಣಿಸಿ ನೋಡಬೇಕು.

1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹಠಾತ್ ದಾಳಿಯ ಅಪಾಯ ಅಧ್ಯಯನ ಮಾಡೋಕೆ ಜೇಮ್ಸ್ ಕಿಲಿಯನ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿದರು. ಅದರಲ್ಲಿ ಗುಪ್ತಚರ ಮಾಹಿತಿಯ ಭಾಗ ಲ್ಯಾಂಡ್ ಪಾಲಿಗೆ ಬಂತು. ಒಂದು ಟ್ಯಾಕ್ಸಿಯಲ್ಲಿ ಹಿಡಿಸೋದಕ್ಕಿಂತ ಜಾಸ್ತಿ ಜನ ಸಮಿತಿಯಲ್ಲಿ ಇರಬಾರದು ಅನ್ನೋದು ಅವರ ನಿಯಮ. ಅದರಲ್ಲಿ ಲೆನ್ಸ್ ವಿನ್ಯಾಸಕ ಜೇಮ್ಸ್ ಬೇಕರ್ ಇದ್ದರು, ನೊಬೆಲ್ ಪಡೆದ ಎಡ್ವರ್ಡ್ ಪರ್ಸೆಲ್ ಇದ್ದರು, ಮತ್ತೆ ನಮ್ಮ ಸಿಗ್ನಲ್ಸ್ ಪಾಠದಲ್ಲಿ ಎಫ್‌ಎಫ್‌ಟಿ ಜೊತೆ ಹೆಸರು ಬರೋ ಜಾನ್ ಟ್ಯೂಕಿಯೂ ಇದ್ದರು!

ಲಾಕ್‌ಹೀಡ್‌ನ ಕೆಲ್ಲಿ ಜಾನ್ಸನ್ ಒಂದು ವಿಚಿತ್ರ ವಿಮಾನದ ವಿನ್ಯಾಸ ಮಾಡಿದ್ದರು. ಒಂದೇ ಎಂಜಿನ್, ಗ್ಲೈಡರ್ ಥರ ಉದ್ದ ರೆಕ್ಕೆ, ಯಾವ ಆಯುಧವೂ ಇಲ್ಲ. ವಾಯುಪಡೆ ಅದನ್ನು ಬೇಡ ಅಂದಿತ್ತು. ಲ್ಯಾಂಡ್ ಸಮಿತಿ ಅದನ್ನೇ ಹಿಡಿಯಿತು. ಯಾಕಂದ್ರೆ ಅವರು ಒಳ್ಳೆ ವಿಮಾನ ಯಾವುದು ಅಂತ ಹುಡುಕ್ತಿರಲಿಲ್ಲ. ರನ್‌ವೇ ಮೇಲೆ ನಿಂತ ಬಾಂಬರ್‌ಗಳನ್ನು ಎಣಿಸೋಕೆ ಏನು ಬೇಕು ಅಂತ ಕೇಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ತಾ ಬಂದರು. 1954ರ ನವೆಂಬರ್‌ನಲ್ಲಿ ಐಸೆನ್‌ಹೋವರ್ ಒಪ್ಪಿದರು. 1955ರ ಆಗಸ್ಟ್‌ನಲ್ಲಿ ಯು-2 ಮೊದಲ ಬಾರಿ ಹಾರಿತು. ಒಂಬತ್ತೇ ತಿಂಗಳು! ನಮ್ಮಲ್ಲಿ ಮಿನಿ ಪ್ರಾಜೆಕ್ಟ್ ಸಿನಾಪ್ಸಿಸ್ ಅಪ್ರೂವ್ ಆಗೋಕೇ ಒಂದು ತಿಂಗಳು ಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ವಿಮಾನ ಸುಮಾರು 21 ಕಿಲೋಮೀಟರ್ ಎತ್ತರದಲ್ಲಿದೆ. ಬೇಕರ್ ಮಾಡಿದ ಲೆನ್ಸ್‌ನ ಫೋಕಲ್ ಲೆಂತ್ 36 ಇಂಚು, ಅಂದ್ರೆ 0.91 ಮೀಟರ್. ಎತ್ತರವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಸುಮಾರು 23,000. ಅಂದ್ರೆ ನೆಲದ ಮೇಲಿನ 1 ಮೀಟರ್ ಫಿಲ್ಮ್ ಮೇಲೆ 0.043 ಮಿಲಿಮೀಟರ್ ಆಗುತ್ತೆ, ಒಂದು ತೆಳು ಕೂದಲಿನಷ್ಟು. ಅಷ್ಟು ಚಿಕ್ಕದನ್ನು ಗುರುತಿಸೋ ಲೆನ್ಸ್ ಬೇಕು, ಅಷ್ಟು ನುಣುಪಾದ ಫಿಲ್ಮ್ ಬೇಕು, ಎಂಜಿನ್ ನಡುಕ ಕ್ಯಾಮೆರಾಗೆ ತಾಕಬಾರದು. ಮೇಲಾಗಿ ಸಾವಿರಾರು ಅಡಿ ಫಿಲ್ಮ್ ಒಂದು ಕಡೆಯಿಂದ ಇನ್ನೊಂದು ಕಡೆ ಸುತ್ತಿಕೊಳ್ತಾ ಹೋದರೆ ತೂಕ ಪಕ್ಕಕ್ಕೆ ವಾಲುತ್ತೆ. ಅದಕ್ಕೆ ಎರಡು ಫಿಲ್ಮ್ ಪಟ್ಟಿಗಳನ್ನು ಎದುರು ಬದುರು ದಿಕ್ಕಿನಲ್ಲಿ ಓಡಿಸಿದರು. ಸೆನ್ಸರ್ ಆಯ್ಕೆ ಅಂದ್ರೆ ಡೇಟಾಶೀಟ್‌ನ ಒಂದು ಸಂಖ್ಯೆ ನೋಡೋದಲ್ಲ ಅಂತ ನಮಗೆ ಹೊಳೆದಿದ್ದು ಇಲ್ಲಿ.

1956ರ ಜುಲೈ 4ರಂದು ಯು-2 ಮೊದಲ ಸಲ ಸೋವಿಯತ್ ನೆಲದ ಮೇಲೆ ಹಾರಿತು. ವಾಯುನೆಲೆಗಳ ಫೋಟೋಗಳಲ್ಲಿ, ಭಯಪಟ್ಟಷ್ಟು ಬಾಂಬರ್‌ಗಳು ಇರಲೇ ಇಲ್ಲ. ಬಾಂಬರ್‌ಗಳಲ್ಲಿ ಅಮೆರಿಕ ಹಿಂದೆ ಬಿದ್ದಿದೆ ಅಂತ ಹಬ್ಬಿದ್ದ ಗಾಬರಿ ಇಳಿಯೋಕೆ ಈ ಫೋಟೋಗಳು ಮುಖ್ಯ ಕಾರಣವಾದವು.

ಕೇಳಿ ನೋಡೋದು, ಕದ್ದು ನೋಡೋದು

ಇಲ್ಲಿ ನಮ್ಮ ಗುಂಪಿನಲ್ಲೇ ಜಗಳ ಆಯ್ತು. ಇನ್ನೊಂದು ದೇಶದ ಆಕಾಶದಲ್ಲಿ ಕೇಳದೆ ಹಾರೋದು ತಪ್ಪಲ್ವಾ? ತಪ್ಪೇ. ಅದು ಐಸೆನ್‌ಹೋವರ್‌ಗೂ ಗೊತ್ತಿತ್ತು. 1955ರ ಜುಲೈನಲ್ಲಿ ಜಿನೀವಾ ಶೃಂಗಸಭೆಯಲ್ಲಿ ಅವರು ಒಂದು ಪ್ರಸ್ತಾಪ ಇಟ್ಟಿದ್ದರು. ಎರಡೂ ದೇಶಗಳು ಒಬ್ಬರ ಮೇಲೊಬ್ಬರು ವಿಮಾನ ಹಾರಿಸಿ ಬಹಿರಂಗವಾಗಿ ಫೋಟೋ ತೆಗೆಯೋಕೆ ಒಪ್ಪಬೇಕು ಅನ್ನೋದು. ಅದರ ಹೆಸರು ಓಪನ್ ಸ್ಕೈಸ್, ತೆರೆದ ಆಕಾಶ. ಇದು ಗೂಢಚರ್ಯೆಗೆ ಇನ್ನೊಂದು ಹೆಸರು ಅಂತ ಸೋವಿಯತ್ ನಾಯಕರು ಒಪ್ಪಲಿಲ್ಲ. ಕೇಳಿ ನೋಡೋದು ಆಗದಿದ್ದಾಗ ಕದ್ದು ನೋಡೋದು ಶುರುವಾಯಿತು.

ಅದರ ಬೆಲೆಯನ್ನೂ ತೆರಬೇಕಾಯಿತು. 1960ರ ಮೇ 1ರಂದು ಗ್ಯಾರಿ ಪವರ್ಸ್ ಹಾರಿಸ್ತಿದ್ದ ಯು-2 ಅನ್ನು ಸೋವಿಯತ್ ಕ್ಷಿಪಣಿ ಹೊಡೆದು ಬೀಳಿಸಿತು. ಪೈಲಟ್ ಸೆರೆಸಿಕ್ಕ. ಅದೇ ತಿಂಗಳು ಪ್ಯಾರಿಸ್‌ನಲ್ಲಿ ನಡೀಬೇಕಿದ್ದ ಶಾಂತಿ ಮಾತುಕತೆ ಮುರಿದುಬಿತ್ತು. ಯುದ್ಧ ತಪ್ಪಿಸೋಕೆ ಮಾಡಿದ ವಿಮಾನವೇ ಮಾತುಕತೆ ಕೆಡಿಸಿತು. ಎರಡು ವರ್ಷದ ನಂತರ 1962ರ ಅಕ್ಟೋಬರ್ 14ರಂದು ಅದೇ ಯು-2 ಕ್ಯೂಬಾದಲ್ಲಿ ಕ್ಷಿಪಣಿಗಳ ಫೋಟೋ ತಂದಿತು. ಏನಿದೆ, ಎಲ್ಲಿದೆ ಅಂತ ಖಚಿತವಾಗಿ ಗೊತ್ತಿದ್ದರಿಂದ ಯೋಚಿಸೋಕೆ ಒಂದಿಷ್ಟು ದಿನ ಸಿಕ್ಕಿತು.

ಭಾರತಕ್ಕೂ ಈ ಕಥೆಯಲ್ಲಿ ಒಂದು ಪುಟ ಇದೆ. 1962ರ ಚೀನಾ ಯುದ್ಧದ ನಂತರ ಗಡಿಯಾಚೆ ಏನಿದೆ ಅಂತ ನೋಡೋಕೆ ಯು-2 ಹಾರಾಟಗಳಿಗೆ ಭಾರತ ಒಪ್ಪಿತ್ತು. 1964ರಲ್ಲಿ ಒಡಿಶಾದ ಚರ್ಬಾಟಿಯಾ ನೆಲೆಯಿಂದಲೂ ಯು-2 ಹಾರಿತ್ತು. ಇದು ಬಹಿರಂಗವಾಗಿದ್ದು 2013ರಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆ ತನ್ನದೇ ಇತಿಹಾಸದ ಮುಚ್ಚಿಟ್ಟ ಪುಟಗಳನ್ನು ಬಿಡುಗಡೆ ಮಾಡಿದಾಗ.

ಫಿಲ್ಮ್ ಮನುಷ್ಯ ಫಿಲ್ಮ್ ಬೇಡ ಅಂದಾಗ

ವಿಮಾನ ಹೊಡೆದುಬೀಳಿಸಬಹುದು ಅಂತ ಮೊದಲೇ ಅಂದಾಜಿತ್ತು. ಹಾಗಾಗಿ 1958ರಲ್ಲೇ ಲ್ಯಾಂಡ್ ಮತ್ತು ಕಿಲಿಯನ್ ಒತ್ತಾಸೆಯಿಂದ ಕರೋನಾ ಅನ್ನೋ ಉಪಗ್ರಹ ಯೋಜನೆ ಶುರುವಾಗಿತ್ತು. (ನಮ್ಮ ಲಾಕ್‌ಡೌನ್ ಕರೋನಾಗೂ ಇದಕ್ಕೂ ಸಂಬಂಧ ಇಲ್ಲ.) ಉಪಗ್ರಹ ಫೋಟೋ ತೆಗೆದು, ಫಿಲ್ಮನ್ನು ಒಂದು ಡಬ್ಬಿಯಲ್ಲಿ ಹಾಕಿ ಕೆಳಗೆ ಬಿಡುತ್ತೆ. ಪ್ಯಾರಾಚೂಟ್‌ನಲ್ಲಿ ಇಳಿಯೋ ಆ ಡಬ್ಬಿಯನ್ನು ವಿಮಾನವೊಂದು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತೆ. ಕೇಳಿದರೆ ಸಿನಿಮಾ ಥರ ಇದೆ. ಮೊದಲ ಹನ್ನೆರಡು ಪ್ರಯತ್ನ ಸಾಲಾಗಿ ಫೇಲ್. 1960ರ ಆಗಸ್ಟ್‌ನಲ್ಲಿ ಕೊನೆಗೂ ಫಿಲ್ಮ್ ಸಿಕ್ಕಿತು. ಆ ಒಂದೇ ಹಾರಾಟದಲ್ಲಿ ಚಿತ್ರಿಸಿದ ಸೋವಿಯತ್ ನೆಲ, ಅಲ್ಲಿವರೆಗಿನ ಎಲ್ಲ ಯು-2 ಹಾರಾಟಗಳನ್ನು ಸೇರಿಸಿದರೂ ಅದಕ್ಕಿಂತ ಜಾಸ್ತಿ. ಆದರೆ ಚಿತ್ರ ಮಸುಕು. ಸುಮಾರು 12 ಮೀಟರ್‌ಗಿಂತ ಚಿಕ್ಕದು ಕಾಣ್ತಿರಲಿಲ್ಲ. ಯು-2 ಚಿತ್ರ ಸ್ಪಷ್ಟ, ಆದರೆ ಸ್ವಲ್ಪ ಜಾಗ. ಕರೋನಾ ಮಸುಕು, ಆದರೆ ಇಡೀ ದೇಶ. ಎಲ್ಲಿ ಹುಡುಕಬೇಕು ಅನ್ನೋದು ಒಂದು ಪ್ರಶ್ನೆ, ಸಿಕ್ಕಿದ್ದು ಏನು ಅನ್ನೋದು ಇನ್ನೊಂದು. ಎರಡಕ್ಕೂ ಒಂದೇ ಸೆನ್ಸರ್ ಸಾಕಾಗಲ್ಲ.

ಫಿಲ್ಮ್‌ಗೆ ಇನ್ನೊಂದು ತೊಂದರೆ ಇತ್ತು, ಸಮಯ. 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾಗೆ ನುಗ್ಗಿತು. ಅದರ ತಯಾರಿ ಉಪಗ್ರಹದ ಫಿಲ್ಮ್‌ನಲ್ಲಿ ಸೆರೆಯಾಗಿತ್ತು. ಆದರೆ ಆ ಫಿಲ್ಮ್ ಕೆಳಗೆ ಬಂದು ತೊಳೆದು ನೋಡೋ ಹೊತ್ತಿಗೆ ಎಲ್ಲ ಮುಗಿದಿತ್ತು.

1971ರಲ್ಲಿ ಎರಡು ದಾರಿ ಮುಂದಿದ್ದವು. ಒಂದು, ಇರೋ ಫಿಲ್ಮ್ ಉಪಗ್ರಹದಲ್ಲೇ ಫಿಲ್ಮ್ ತೊಳೆದು, ಸ್ಕ್ಯಾನ್ ಮಾಡಿ ರೇಡಿಯೋದಲ್ಲಿ ಕಳಿಸೋದು. ಅದು ಬೇಗ ಆಗುತ್ತೆ, ಅಪಾಯ ಕಡಿಮೆ, ರಕ್ಷಣಾ ಇಲಾಖೆಗೆ ಅದೇ ಇಷ್ಟ. ಇನ್ನೊಂದು, ಫಿಲ್ಮನ್ನೇ ಬಿಟ್ಟು, ಬೆಳಕನ್ನು ನೇರ ವಿದ್ಯುತ್ ಸಂಕೇತ ಮಾಡೋ ಎಲೆಕ್ಟ್ರಾನಿಕ್ ಸೆನ್ಸರ್ ಹಾಕೋದು. ಅದು ಹೊಸದು, ದುಬಾರಿ, ಆಗುತ್ತೋ ಇಲ್ವೋ ಗೊತ್ತಿಲ್ಲ. ಲ್ಯಾಂಡ್ ಎರಡನೆಯದರ ಪರ ನಿಂತು ಅಧ್ಯಕ್ಷ ನಿಕ್ಸನ್‌ವರೆಗೆ ವಾದ ಒಯ್ದರು. ಮೊದಲನೆಯದು ಒಂದು ತೇಪೆ, ಎರಡನೆಯದು ಮುಂದಿನ ದಶಕಗಳ ದಾರಿ ಅನ್ನೋದು ಅವರ ವಾದದ ಸಾರ. ನಿಕ್ಸನ್ ಅವರ ಮಾತು ಒಪ್ಪಿದರು. 1976ರ ಡಿಸೆಂಬರ್‌ನಲ್ಲಿ ಆ ಉಪಗ್ರಹ ಹಾರಿತು. ಸುಮಾರು ಒಂದು ತಿಂಗಳಲ್ಲಿ ಚಿತ್ರಗಳು ನೇರವಾಗಿ ಬರೋಕೆ ಶುರುವಾದವು.

ಇದರ ನಡುವೆ 1972ರ ಮೇನಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮೊದಲ ಬಾರಿ ಕ್ಷಿಪಣಿಗಳಿಗೆ ಮಿತಿ ಹಾಕೋ ಒಪ್ಪಂದಗಳಿಗೆ ಸಹಿ ಹಾಕಿದವು. ಪರಸ್ಪರರ ತಾಂತ್ರಿಕ ಕಣ್ಗಾವಲಿಗೆ ಅಡ್ಡಿ ಮಾಡಲ್ಲ, ಎಣಿಸಬೇಕಾದ್ದನ್ನು ಬೇಕಂತಲೇ ಮುಚ್ಚಿಡಲ್ಲ ಅಂತ ಇಬ್ಬರೂ ಒಪ್ಪಿದರು. ನಂಬಿಕೆ ಇಲ್ಲದವರ ನಡುವೆ ಒಪ್ಪಂದ ಸಾಧ್ಯವಾಗಿದ್ದು ಎಣಿಸಿ ನೋಡೋ ಕಣ್ಣು ಇದ್ದದ್ದರಿಂದ.

ಲ್ಯಾಂಡ್ ಕಥೆಯಲ್ಲಿ ನಮಗೆ ಅತಿ ಬೇಸರ ತಂದ ಭಾಗ ಮುಂದಿನದು. ದೇಶಕ್ಕೆ ಫಿಲ್ಮ್ ಬಿಡಿ ಅಂದವರು ತಮ್ಮ ಕಂಪನಿಯಲ್ಲಿ ಫಿಲ್ಮ್ ಬಿಡಲಿಲ್ಲ. 1972ರ ಎಸ್‌ಎಕ್ಸ್-70 ಕ್ಯಾಮೆರಾ ಅದ್ಭುತ ಗೆಲುವು ಕಂಡಿತು. 1977ರಲ್ಲಿ ಪೋಲಾವಿಷನ್ ಅನ್ನೋ ತಕ್ಷಣ ನೋಡಬಹುದಾದ ಸಿನಿಮಾ ಫಿಲ್ಮ್ ತಂದರು. ಶಬ್ದ ಇಲ್ಲ, ಎರಡೂವರೆ ನಿಮಿಷದಷ್ಟು ಉದ್ದ. ಎದುರಿಗೆ ವಿಡಿಯೋ ಟೇಪ್ ಬಂದು ನಿಂತಿತ್ತು. ಪೋಲಾವಿಷನ್ ನೆಲಕಚ್ಚಿತು. 1980ರಲ್ಲಿ ಮುಖ್ಯಸ್ಥನ ಸ್ಥಾನ ಬಿಟ್ಟರು, 1982ರಲ್ಲಿ ತಾವೇ ಕಟ್ಟಿದ ಕಂಪನಿಯಿಂದ ಪೂರ್ತಿ ಹೊರಬಂದರು. ಡಿಜಿಟಲ್ ಕ್ಯಾಮೆರಾಗಳ ಕಾಲದಲ್ಲಿ, 2001ರಲ್ಲಿ, ಪೋಲರಾಯ್ಡ್ ದಿವಾಳಿಯಾಯಿತು. ಇನ್ನೊಬ್ಬರ ಸಮಸ್ಯೆಯನ್ನು ದೂರದಿಂದ ನೋಡುವಾಗ ಇದ್ದ ಸ್ಪಷ್ಟತೆ ಸ್ವಂತದ್ದನ್ನು ಹತ್ತಿರದಿಂದ ನೋಡುವಾಗ ಇರಲಿಲ್ಲ. ನಮ್ಮೆಲ್ಲರ ಹಣೆಬರಹ ಇದೇ ಇರಬಹುದು. ಪಕ್ಕದ ರೂಮಿನವನ ಪ್ರಾಜೆಕ್ಟ್‌ನ ತಪ್ಪು ನಮಗೆ ಎರಡು ನಿಮಿಷದಲ್ಲಿ ಕಾಣುತ್ತೆ.

ಲ್ಯಾಂಡ್ 1991ರ ಮಾರ್ಚ್ 1ರಂದು ತೀರಿಕೊಂಡರು. ಹೆಸರಲ್ಲಿ 535 ಅಮೆರಿಕನ್ ಪೇಟೆಂಟ್‌ಗಳಿದ್ದವು. ಅವರ ಖಾಸಗಿ ಕಾಗದಪತ್ರಗಳನ್ನು ನಾಶ ಮಾಡಲಾಯಿತು. ಗುಪ್ತ ಕೆಲಸದ ಬಹುಪಾಲು ಅವರು ಬದುಕಿದ್ದಾಗ ಹೊರಗೆ ಬರಲೇ ಇಲ್ಲ.

ಅವರು ಹೋದ ಮೇಲೆ

ಅವರು ಹೋಗಿ ಒಂದು ವರ್ಷಕ್ಕೆ, 1992ರ ಮಾರ್ಚ್ 24ರಂದು, ಹೆಲ್ಸಿಂಕಿಯಲ್ಲಿ ಓಪನ್ ಸ್ಕೈಸ್ ಒಪ್ಪಂದಕ್ಕೆ ಸಹಿ ಬಿತ್ತು. 1955ರಲ್ಲಿ ಸೋವಿಯತ್ ಬೇಡ ಅಂದಿದ್ದ ಅದೇ ಐಡಿಯಾ. 2002ರಲ್ಲಿ ಜಾರಿಗೆ ಬಂತು. ಎಂಜಿನಿಯರಿಂಗ್ ಓದೋರಿಗೆ ಇದರ ಸೆನ್ಸರ್ ಪಟ್ಟಿ ಒಂದು ಒಳ್ಳೆ ಪಾಠ. ವಿಮಾನದಲ್ಲಿ ನಾಲ್ಕು ಥರದ ಸೆನ್ಸರ್‌ಗೆ ಅವಕಾಶ ಇತ್ತು. ಸ್ಟಿಲ್ ಕ್ಯಾಮೆರಾ ಮತ್ತು ವಿಡಿಯೋ ಕ್ಯಾಮೆರಾ, ಎರಡಕ್ಕೂ ಮಿತಿ 30 ಸೆಂಟಿಮೀಟರ್. ಇವಕ್ಕೆ ಹಗಲು ಬೇಕು, ಮೋಡ ಇರಬಾರದು. ಇನ್ಫ್ರಾರೆಡ್ ಲೈನ್ ಸ್ಕ್ಯಾನರ್, 50 ಸೆಂಟಿಮೀಟರ್. ಇದು ಶಾಖ ನೋಡುತ್ತೆ, ರಾತ್ರಿಯೂ ಕೆಲಸ ಮಾಡುತ್ತೆ, ಈಗಷ್ಟೇ ಓಡಿ ನಿಂತ ವಾಹನ ಯಾವುದು ಅಂತ ಹೇಳುತ್ತೆ. ನಾಲ್ಕನೆಯದು ಪಕ್ಕಕ್ಕೆ ನೋಡೋ ಸಿಂಥೆಟಿಕ್ ಅಪರ್ಚರ್ ರೇಡಾರ್, 3 ಮೀಟರ್. ಒರಟು ಚಿತ್ರ, ಆದರೆ ಮೋಡವೂ ಕತ್ತಲೂ ಅದಕ್ಕೆ ಲೆಕ್ಕಕ್ಕಿಲ್ಲ.

30 ಸೆಂಟಿಮೀಟರ್‌ಗೇ ಯಾಕೆ ನಿಲ್ಲಿಸಿದರು? ಇನ್ನೂ ಸ್ಪಷ್ಟ ಕ್ಯಾಮೆರಾ ಇರಲಿಲ್ವಾ? ಇತ್ತು. ಆದರೆ ಕೆಳಗಿರೋದು ಟ್ಯಾಂಕೋ ಲಾರಿಯೋ ಅಂತ ಹೇಳೋಕೆ ಅಷ್ಟು ಸಾಕು. ಅದಕ್ಕಿಂತ ಜಾಸ್ತಿ ಕಂಡರೆ ಎದುರಿನವನಿಗೆ ಭಯ, ಅವನು ಸಹಿಯೇ ಹಾಕಲ್ಲ. ಸೆನ್ಸರ್‌ಗಳು ಹೊರಗೆ ಎಲ್ಲರಿಗೂ ಸಿಗೋ ಥರದವಾಗಿರಬೇಕು, ತೆಗೆದ ಚಿತ್ರ ಬೇರೆ ಸದಸ್ಯ ದೇಶಗಳಿಗೂ ಸಿಗಬೇಕು. ಬೇಕಾದಷ್ಟು ನೋಡು, ಅದಕ್ಕಿಂತ ಜಾಸ್ತಿ ಬೇಡ ಅನ್ನೋದು ಕೂಡ ಒಂದು ಸ್ಪೆಸಿಫಿಕೇಶನ್ ಅಂತ ನಮಗೆ ಯಾವ ಪಾಠದಲ್ಲೂ ಹೇಳಿರಲಿಲ್ಲ. ಈ ಒಪ್ಪಂದದಿಂದ 2020ರಲ್ಲಿ ಅಮೆರಿಕ, 2021ರಲ್ಲಿ ರಷ್ಯಾ ಹೊರನಡೆದವು. ಕ್ಯಾಮೆರಾಗಳು ಇನ್ನೂ ಚೆನ್ನಾಗಾಗಿವೆ, ನಂಬಿಕೆ ಕಮ್ಮಿಯಾಗಿದೆ.

ಆದರೆ ಹಳೆಯ ಗೂಢಚಾರ ಫಿಲ್ಮ್‌ಗಳಿಗೆ ಎರಡನೇ ಜೀವ ಸಿಕ್ಕಿತು. 1995ರಲ್ಲಿ ಕರೋನಾ ಮತ್ತು ಅದರ ಜೊತೆಗಿನ ಉಪಗ್ರಹಗಳ 8,60,000ಕ್ಕೂ ಹೆಚ್ಚು ಚಿತ್ರಗಳನ್ನು ಅಮೆರಿಕ ಸರ್ಕಾರ ಬಿಡುಗಡೆ ಮಾಡಿತು. ಕ್ಷಿಪಣಿ ಹುಡುಕೋಕೆ ತೆಗೆದ ಚಿತ್ರಗಳಲ್ಲಿ ಕಾಡುಗಳಿದ್ದವು, ಕೆರೆಗಳಿದ್ದವು, ಹಿಮನದಿಗಳಿದ್ದವು. ಆಮೇಲಿನ ಹೆಕ್ಸಾಗನ್ ಉಪಗ್ರಹಗಳ ಚಿತ್ರ ಬಳಸಿ 2019ರಲ್ಲಿ ವಿಜ್ಞಾನಿಗಳು ಹಿಮಾಲಯದ ಸುಮಾರು 650 ಹಿಮನದಿಗಳನ್ನು ಅಳೆದರು. 1975ರಿಂದ 2000ದವರೆಗೆ ಕರಗಿದ ವೇಗಕ್ಕೆ ಹೋಲಿಸಿದರೆ 2000ದ ನಂತರ ಕರಗುವ ವೇಗ ಎರಡು ಪಟ್ಟಾಗಿದೆ ಅಂತ ಕಂಡಿತು. ಯು-2ನ ತಮ್ಮ ಅನ್ನಬಹುದಾದ ಇಆರ್-2 ವಿಮಾನ ಈಗ ನಾಸಾ ಕೈಯಲ್ಲಿದೆ. ಅದರಲ್ಲಿ ಹಾರೋ ಅವಿರಿಸ್ ಅನ್ನೋ ಸೆನ್ಸರ್ ಬೆಳಕನ್ನು 224 ಪಟ್ಟಿಗಳಾಗಿ ಒಡೆದು ನೋಡುತ್ತೆ. ಅದರ ಮುಂದಿನ ಪೀಳಿಗೆಯ ಸೆನ್ಸರ್ 2015-16ರಲ್ಲಿ ಇಸ್ರೋ ವಿಮಾನದಲ್ಲಿ ಕೂತು ಭಾರತದ ಕಾಡು, ಹೊಲ, ಗಣಿಗಳ ಮೇಲೂ ಹಾರಿದೆ.

ಮತ್ತೆ ನಮ್ಮ ಕೆರೆಗೆ

ಇದನ್ನೆಲ್ಲ ಓದಿದ ಮೇಲೆ ನಾವು ಮತ್ತೆ ಕೂತು ಒಂದು ಹಾಳೆ ಮೇಲೆ ಪ್ರಶ್ನೆ ಬರೆದ್ವಿ: ಎಲ್ಲಿ ಕಳೆ ಇದೆ, ಎಲ್ಲಿ ನೀರಿದೆ? ಅಷ್ಟೇ. ಬದುಕಿರೋ ಎಲೆ ನಿಯರ್ ಇನ್ಫ್ರಾರೆಡ್ ಬೆಳಕನ್ನು ಜೋರಾಗಿ ಪ್ರತಿಫಲಿಸುತ್ತೆ, ನೀರು ಅದನ್ನು ಹೀರಿಕೊಳ್ಳುತ್ತೆ. ಲ್ಯಾಬ್‌ನಲ್ಲಿ ಮೂಲೆಗೆ ಬಿದ್ದಿದ್ದ, ಇನ್ಫ್ರಾರೆಡ್ ತಡೆಯೋ ಫಿಲ್ಟರ್ ತೆಗೆದ ಒಂದು ಹಳೇ ಕ್ಯಾಮೆರಾ ಸಿಕ್ಕಿತು. ಮೆಗಾಪಿಕ್ಸೆಲ್ ಕೇಳಿದರೆ ನಗ್ತೀರಿ. ಬಿಸಿಲು ನೆತ್ತಿಗೆ ಬರೋ ಮೊದಲೇ ಹಾರಿಸಿದ್ವಿ. ನೇರ ಕೆಳಗೆ ನೋಡೋ ಚಿತ್ರಕ್ಕೆ ಪೋಲರೈಸರ್ ಹೆಚ್ಚು ಉಪಯೋಗ ಇಲ್ಲ, ಆದರೆ ಓರೆಯಾಗಿ ತೆಗೆಯೋ ಚಿತ್ರಕ್ಕೆ ಉಪಯೋಗ ಇದೆ. ಅದಕ್ಕೆ ಒಂದು ತುಂಡು ಪೋಲರೈಸರ್ ಹಾಳೆಯನ್ನೂ ಅಂಟಿಸಿದ್ವಿ.

ಈ ಸಲ ಫೋಟೋದಲ್ಲಿ ನೀರು ಕಪ್ಪು, ಕಳೆ ಬೆಳ್ಳಗೆ. ಎಣಿಸೋಕೆ ಹತ್ತು ಸಾಲಿನ ಕೋಡ್ ಸಾಕಾಯಿತು. ದಡದಲ್ಲಿ ಮೀನು ಹಿಡಿಯೋ ಒಬ್ಬರು ಬಂದು ಏನ್ ಮಾಡ್ತಿದೀರಾ ಅಂತ ಕೇಳಿದರು. ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ್ವಿ. ಬೆಳ್ಳಗೆ ಕಂಡ ಜಾಗದ ಕಡೆ ಬೆರಳು ಮಾಡಿ, ಮೊದಲು ತಾವು ಬಲೆ ಹಾಕ್ತಿದ್ದದ್ದು ಅಲ್ಲೇ ಅಂದರು. ನಮ್ಮ ಚಿತ್ರದಲ್ಲಿ ಏನಿದೆ ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಪ್ರಾಜೆಕ್ಟ್‌ಗೆ ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಬೇಡಿ, ಪರವಾಗಿಲ್ಲ ಅನ್ನುವಷ್ಟು ಬಂತು. ಮುಂದಿನ ಸೆಮ್‌ನಲ್ಲಿ ನಿಮ್ಮಲ್ಲಿ ಯಾರಾದರೂ ಡ್ರೋನ್, ಕ್ಯಾಮೆರಾ, ಸೆನ್ಸರ್ ಅಂತ ಪ್ರಾಜೆಕ್ಟ್ ತಗೊಂಡರೆ, ಶಾಪಿಂಗ್ ಸೈಟ್ ತೆರೆಯೋ ಮೊದಲು ಒಂದು ಹಾಳೆ ತಗೊಂಡು ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೀರಿ. ಮತ್ತೆ ಆ ಚಿತ್ರದಲ್ಲಿ ಯಾರ ಮನೆ, ಯಾರ ಕೆರೆ ಬರುತ್ತೋ ಅವರನ್ನು ಒಂದು ಮಾತು ಕೇಳಿ. ಆ ಹಳೇ ಕ್ಯಾಮೆರಾ ಲ್ಯಾಬ್‌ನಲ್ಲೇ ಇದೆ. ಬೇಕಾದವರು ರಿಜಿಸ್ಟರ್‌ನಲ್ಲಿ ಸಹಿ ಮಾಡಿ ತಗೊಂಡು ಹೋಗಬಹುದು.